ಗುಳಿಗೆಯನ್ನು ನಡುವೆ ಬಿಡಬೇಡಿರಿ
(ವಾಚನಾಲಯದಲ್ಲಿ ಭಾನುವಾರ ಮಾಡಿದ ಭಾಷಣ)



ನಾವು ವೈದ್ಯರಲ್ಲ, ಗಿರಣಿಯಲ್ಲಿ ಕಾರಕೂನಿಕೆ ಮಾಡುವ, ಮೆಟ್ರಿಕ್ ಓದಿನವರು. ಆದರೂ ಈ ವಿಷಯವನ್ನು ಎತ್ತಿಕೊಂಡುದಕ್ಕೆ ಕಾರಣವುಂಟು. ನಮ್ಮ ಚಾಳಿನ ತಾಯಿಯೊಬ್ಬರಿಗೆ ಎದೆಯ ಕ್ಯಾನ್ಸರಿನ ಶಸ್ತ್ರಕ್ರಿಯೆ ಆಗಿತ್ತು. ದಿನಕ್ಕೊಂದು ಗುಳಿಗೆಯಂತೆ ಐದು ವರ್ಷ ನುಂಗಲು ಡಾಕ್ಟರು ಹೇಳಿದ್ದರು. "ಗಡ್ಡೆ ಹೋಯಿತಲ್ಲ, ಇನ್ನು ಗುಳಿಗೆ ಯಾಕಪ್ಪಾ?" ಎಂದು ಎಂಟೇ ತಿಂಗಳಿಗೆ ಬಿಟ್ಟರು. ಎರಡು ವರ್ಷಕ್ಕೆ ರೋಗ ಮರಳಿತು. ಬಿಟ್ಟುದರಿಂದಲೇ ಮರಳಿತೆನ್ನಲು ನಾವು ಯಾರು? ಆದರೆ ಅವರ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿ, ಬಲ್ಲವರನ್ನು ಕೇಳಿ ತಿಳಿದುದನ್ನು ಇಂದು ಹೇಳುತ್ತೇವೆ.

ಹೆಣ್ಣಿನ ದೇಹದಲ್ಲಿ ಈಸ್ಟ್ರೋಜನ್ ಎಂಬ ರಸವುಂಟು. ಹತ್ತಿ ನೂಲಾಗಬೇಕಾದರೆ ನೂಲುವ ಖಾತೆಯ ಕೆಲಸಗಾರರು ಬೇಕಲ್ಲವೆ? ಹಾಗೆಯೇ ದೇಹದೊಳಗೆ ಒಂದು ವಸ್ತುವನ್ನು ಇನ್ನೊಂದಾಗಿ ಮಾರ್ಪಡಿಸುವ ಕೆಲಸಗಾರರೇ ಕಿಣ್ವಗಳು. ಈಸ್ಟ್ರೋಜನನ್ನು ಸಿದ್ಧಪಡಿಸುವ ಕಿಣ್ವದ ಹೆಸರು ಅರೋಮಟೇಸ್. ಮುಟ್ಟು ನಿಲ್ಲುವವರೆಗೆ ಅದರ ಕೆಲಸ ಮುಖ್ಯವಾಗಿ ಅಂಡಾಶಯದಲ್ಲಿ. ನಿಂತ ಮೇಲೆ ಮೈಯ ಕೊಬ್ಬಿನಲ್ಲಿ ನಡೆದೇ ಇರುತ್ತದೆ. ಆ ವಯಸ್ಸಿನಲ್ಲಿ ಬೊಜ್ಜು ಬೆಳೆದರೆ ಎದೆಯ ಕ್ಯಾನ್ಸರಿನ ಭಯ ಹೆಚ್ಚಲು ಇದೂ ಒಂದು ಕಾರಣ.

ಈಸ್ಟ್ರೋಜನನ್ನು ಒಡೆದು ಹೊರಹಾಕುವ ಕಿಣ್ವಗಳೂ ಉಂಟು. ಒಡೆಯುವಾಗ ಹುಟ್ಟುವ ಕೆಲವು ವಸ್ತುಗಳು ಜೀವಕೋಶದ ವಂಶವಾಹಿಗೆ ಪೆಟ್ಟು ಕೊಡುವುದು ಪ್ರಯೋಗಶಾಲೆಗಳಲ್ಲಿ ಕಂಡಿದೆ. ಮನುಷ್ಯರಲ್ಲಿ ರೋಗಕ್ಕೆ ಅದೆಷ್ಟು ಕಾರಣವೆಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

ಆದರೆ ಎದೆಯ ಕ್ಯಾನ್ಸರುಗಳಲ್ಲಿ ಅನೇಕವು ಈಸ್ಟ್ರೋಜನಿನ ಬಲದಿಂದಲೇ ಬೆಳೆಯುವುದು ಖಚಿತ. ಸ್ಕಾಟ್ಲೆಂಡಿನ ಡಾಕ್ಟರ್ ಬೀಟ್ಸನ್ನರು ಅಂಡಾಶಯಗಳನ್ನು ತೆಗೆದುಹಾಕಿದಾಗ ಗಡ್ಡೆ ಕುಗ್ಗಿದುದನ್ನು 1896ರಲ್ಲಿ ಪ್ರಕಟಿಸಿದರು. ಮುಟ್ಟು ನಿಂತವರಿಗೆ ಸಾಮಾನ್ಯವಾಗಿ ಕೊಡುವ ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಗುಳಿಗೆಗಳು ಅರೋಮಟೇಸಿನ ಕೈಯನ್ನೇ ಕಟ್ಟುತ್ತವೆ. ಟ್ಯಾಮಾಕ್ಸಿಫೆನ್ ಎಂಬುದು ಕೋಶದಲ್ಲಿ ಈಸ್ಟ್ರೋಜನ್ ಕೂಡುವ ಜಾಗವನ್ನು ತಾನು ಹಿಡಿಯುತ್ತದೆ. ಶಸ್ತ್ರಕ್ರಿಯೆಯ ನಂತರವೂ ಕಣ್ಣಿಗೆ ಕಾಣದ ಕೋಶಗಳು ಉಳಿದಿರಬಹುದು. ಅವಕ್ಕೆ ಕೂಳು ಸಿಗದಿರಲೆಂದೇ ಇಷ್ಟು ವರ್ಷದ ಗುಳಿಗೆ. ಕೀಲುನೋವು ಬಂದರೆ ಡಾಕ್ಟರಿಗೆ ಹೇಳಿರಿ, ಗುಳಿಗೆ ಬದಲಿಸಿಯಾರು, ನೀವಾಗಿ ಬಿಡಬೇಡಿರಿ.

ಪರೇಲಿನಲ್ಲಿ 1941ರಿಂದ ಟಾಟಾ ಸ್ಮಾರಕ ಆಸ್ಪತ್ರೆಯಿದೆ. ದೂರದೂರದಿಂದ ಬಂದವರು ಅದರ ಸುತ್ತಿನ ಫುಟ್‌ಪಾತಿನಲ್ಲಿ ಮಲಗಿ ಕಾಯುತ್ತಾರೆ. ಡೊಂಬಿವಲಿ, ಕಲ್ಯಾಣಗಳ ನಮಗೆ ಅದು ಲೋಕಲ್ ಗಾಡಿಯ ದಾರಿ. ಎದೆಯಲ್ಲಿ ಗಂಟು ಕಂಡರೆ ನಾಚಿ ಮುಚ್ಚಿಡದೆ ಹೋಗಿರಿ. ಡಾಕ್ಟರ ಚೀಟಿ ಓದಲಾಗದವರು, ಮರಾಠಿ ಬಾರದವರು ಇಲ್ಲಿಗೆ ಬನ್ನಿರಿ. ರಜೆ ಹಾಕಿಯಾದರೂ ನಾವು ಜೊತೆಗೆ ಬರುತ್ತೇವೆ. ಆ ತಾಯಿಗೆ ಕೊಡಲಾಗದ ಉತ್ತರವನ್ನು ನಿಮಗಾದರೂ ಕೊಟ್ಟೆವೆಂಬ ಸಮಾಧಾನ ನಮ್ಮದಾಗಲಿ.