ಮಾಂಡೋವಿಯ ಹಡಗು, ಪುಣೆಯ ಮನೆ



ಮಹಾರಾಷ್ಟ್ರದ ಶಾಸಕಾಂಗವು 1976ರಲ್ಲಿ ಕ್ಯಾಸಿನೊಗಳ ನಿಯಂತ್ರಣ ಮತ್ತು ತೆರಿಗೆಗೆ ಸಂಬಂಧಿಸಿದ ಕಾಯ್ದೆಯೊಂದನ್ನು ಅಂಗೀಕರಿಸಿತು. ಅದು ಒಂದು ದಿನವೂ ಜಾರಿಗೆ ಬರಲಿಲ್ಲ. 2023ರ ಆಗಸ್ಟ್‌ನಲ್ಲಿ ರಾಜ್ಯ ಸಚಿವ ಸಂಪುಟವು ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ಪ್ರವಾಸೋದ್ಯಮ ಬೆಳೆದೀತು, ಬೊಕ್ಕಸ ತುಂಬೀತು ಎಂಬ ಆಸೆಗೆ ಮಣಿಯದ ಈ ತೀರ್ಮಾನ ಸ್ವಾಗತಾರ್ಹ. ಆದರೆ ರಾತ್ರಿ ಪುಣೆಯಲ್ಲಿ ಬಸ್ಸು ಹತ್ತಿದ ತರುಣರು ಬೆಳಗಾಗುವಷ್ಟರಲ್ಲಿ ಗೋವೆಯಲ್ಲಿರುತ್ತಾರೆ.

ಪಣಜಿಯ ಮಾಂಡೋವಿ ನದಿಯಲ್ಲಿ ಲಂಗರು ಹಾಕಿರುವ ಕ್ಯಾಸಿನೊ ಹಡಗುಗಳಲ್ಲಿ ಕಣ್ಣು ಕೋರೈಸುವ ದೀಪಗಳಿವೆ, ಸಂಗೀತವಿದೆ, ನೃತ್ಯವಿದೆ. ಪ್ರವೇಶದ ಹಣದಲ್ಲಿಯೇ ಊಟ, ಪಾನೀಯಗಳೂ ದೊರೆಯುತ್ತವೆ. ಈ ಆತಿಥ್ಯದ ವೆಚ್ಚವನ್ನು ತೆರುವವರು ಸೋತವರೇ. ಒಂದೇ ಸೊನ್ನೆಯುಳ್ಳ ರೂಲೆಟ್ ಚಕ್ರದಲ್ಲಿ 37 ಮನೆಗಳಿರುತ್ತವೆ. ಒಂದು ಅಂಕೆಯ ಮೇಲೆ ಪಣವಿಟ್ಟು ಗೆದ್ದವನಿಗೆ ಸಿಗುವ ಲಾಭ 35 ಪಟ್ಟು ಮಾತ್ರ. ಹೀಗೆ ಪಣಕ್ಕಿಟ್ಟ ಪ್ರತಿ 100 ರೂಪಾಯಿಯಲ್ಲಿ ಸರಾಸರಿ 2 ರೂಪಾಯಿ 70 ಪೈಸೆ ಮಾಲೀಕನ ಪಾಲಾಗುತ್ತದೆ. ರಾತ್ರಿಯಿಡೀ ತಿರುಗುವ ಚಕ್ರಕ್ಕೆ ಅಷ್ಟು ಸಾಕು, ಮೋಸದ ಅಗತ್ಯವೇ ಇಲ್ಲ. ಅಂಗಡಿಯಲ್ಲಿ ಕಾಸುಕಾಸಿಗೂ ಲೆಕ್ಕವಿಡುವವರು ಈ ಲೆಕ್ಕವನ್ನು ಮರೆಯುವುದು ಸೋಜಿಗ.

ಗೋವಾ ಸರ್ಕಾರವು 2020ರ ಫೆಬ್ರವರಿಯಿಂದ ತನ್ನ ನಿವಾಸಿಗಳಿಗೆ ಕ್ಯಾಸಿನೊ ಜೂಜನ್ನು ನಿಷೇಧಿಸಿತು. ತನ್ನ ಮಕ್ಕಳಿಗೆ ವಿಷವೆಂದು ತಿಳಿದುದನ್ನು ನೆರೆಮನೆಯ ಮಕ್ಕಳಿಗೆ ಬಡಿಸುವುದು ಯಾವ ರಾಜಧರ್ಮ?

ಹಾಗೆಂದು ಎಲ್ಲ ದೋಷವನ್ನೂ ಸರ್ಕಾರದ ತಲೆಗೆ ಕಟ್ಟಿ ಸಮಾಜವು ಕೈ ತೊಳೆದುಕೊಳ್ಳಲಾಗದು. ಶ್ರಾವಕರು ತ್ಯಜಿಸಬೇಕಾದ ಸಪ್ತವ್ಯಸನಗಳಲ್ಲಿ ದ್ಯೂತವೇ ಮೊದಲನೆಯದು. ಆದಿಕವಿ ಪಂಪನ ಭಾರತದಲ್ಲಿಯೂ ಧರ್ಮರಾಜನ ರಾಜ್ಯ ಹೋದದ್ದು ಪಗಡೆಯ ಹಾಸಿನ ಮೇಲೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಕೆಲವು ಮನೆಗಳಲ್ಲಿಯೇ ದೀಪಾವಳಿಯಂದು ಹಣವಿಟ್ಟು ಇಸ್ಪೀಟು ಆಡುವುದು ಶಕುನವೆನಿಸಿದೆ. ಅದು ಮಹಾವೀರಸ್ವಾಮಿಯ ನಿರ್ವಾಣದ ದಿನ! ಮಗು ಮೊದಲ ಪಣವನ್ನು ಕಾಣುವುದು ಅಜ್ಜನ ಕೈಯಲ್ಲಿ. ಮುಂದೆ ಅದು ಹಡಗು ಹತ್ತಿದರೆ ಅಚ್ಚರಿಯೇನು?

ಮಗ ಸೋತು ಸಾಲಗಾರನಾದಾಗ, ತಂಗಿಯ ಸಂಬಂಧ ತಪ್ಪೀತೆಂದು ಮನೆಯವರು ಮುಚ್ಚಿಡುತ್ತಾರೆ. ಆ ಮೌನದಲ್ಲಿ ಸಾಲ ಬೆಳೆಯುತ್ತದೆ, ತಾಯಿಯ ಒಡವೆ ಕರಗುತ್ತದೆ. ಸಾಲ ಒಪ್ಪಿಕೊಂಡವನನ್ನು ಹೀಗಳೆಯದೆ ಕೈಹಿಡಿಯುವ ಹಿರಿಯರು ಪ್ರತಿ ಬಸದಿಯಲ್ಲಿಯೂ ಇರಬೇಕು. ಈ ದೀಪಾವಳಿಯಲ್ಲಿ ಇಸ್ಪೀಟಿನ ಕಟ್ಟು ಹೊರಬರದಿರಲಿ. ಮನೆಯ ಜಮಾಖರ್ಚು ಮಾತ್ರ ಎಲ್ಲರ ಮುಂದೆ ತೆರೆಯಲಿ. ಸುಧಾರಣೆ ಅಲ್ಲಿಂದಲೇ ಆರಂಭವಾಗಲಿ.

ಜೈ ಜಿನೇಂದ್ರ.