ಹದಿನೇಳರ ಒಲವು, ಹದಿನೇಳರ ದೇವರು



ಅಮೆರಿಕದ ಕ್ರೇಗ್ ಥಾಂಪ್ಸನ್ 2003ರಲ್ಲಿ ‘ಬ್ಲಾಂಕೆಟ್ಸ್’ ಎಂಬ ಚಿತ್ರಕಾದಂಬರಿ ಹೊರತಂದರು. ಆರುನೂರು ಪುಟಗಳಷ್ಟು, ಪೂರಾ ಕಪ್ಪುಬಿಳುಪಿನಲ್ಲಿ ಬಿಡಿಸಿದ ಅವರದೇ ಹರೆಯದ ಕಥೆ. ಕಟ್ಟಾ ಕ್ರೈಸ್ತ ಮನೆಯ ಹುಡುಗ ಚರ್ಚಿನ ಚಳಿಗಾಲದ ಶಿಬಿರದಲ್ಲಿ ರೈನಾ ಎಂಬ ಹುಡುಗಿಯನ್ನು ಕಾಣುತ್ತಾನೆ. ಅವಳು ತಾನೇ ಹೊಲಿದ ಕೌದಿಯೊಂದನ್ನು ಅವನಿಗೆ ಕೊಡುತ್ತಾಳೆ. ಪ್ರೀತಿ ಮುರಿದ ಮೇಲೆ ಅವಳ ನೆನಪಿನ ವಸ್ತುಗಳನ್ನೆಲ್ಲ ಸುಡುವ ಹುಡುಗ ಕೌದಿಯನ್ನು ಮಾತ್ರ ಉಳಿಸಿಕೊಳ್ಳುತ್ತಾನೆ. ಹುಟ್ಟಿದ ಮನೆಯ ನಂಬಿಕೆಯೂ ಅವನಿಂದ ದೂರವಾಗುತ್ತದೆ.

ನಮ್ಮ ನೆಲಕ್ಕೆ ಇಂಥ ಕಥೆ ಹೊಸದಲ್ಲ. ದೆಹಲಿಯ ಸುಲ್ತಾನನ ಮಗಳು ತನ್ನ ಅರಮನೆಯಲ್ಲಿದ್ದ ಚೆಲುವರಾಯನ ವಿಗ್ರಹಕ್ಕೇ ಮನಸೋತಳು, ರಾಮಾನುಜರು ಅದನ್ನು ಕರೆತಂದಾಗ ಹಿಂದೆಯೇ ಹೊರಟು ಮೇಲುಕೋಟೆಗೆ ಬಂದಳು ಎಂಬುದು ಐತಿಹ್ಯ. ಉತ್ಸವಮೂರ್ತಿಯ ಪಾದದ ಬಳಿ ಬೀಬಿ ನಾಚ್ಚಿಯಾರ್ ಎಂದು ಕರೆಯುವ ಅವಳ ಪುಟ್ಟ ವಿಗ್ರಹ ಇಂದಿಗೂ ಇದೆ. ಗುಡಿ ಅವಳಿಗೆ ಜಾಗ ಕೊಟ್ಟಿತು. ಆದರೆ ಮನೆ ಬಿಡುವ ಹಿಂದಿನ ರಾತ್ರಿ ಆ ಹುಡುಗಿ ಏನೆಂದುಕೊಂಡಳು? ಐತಿಹ್ಯ ಅದನ್ನು ಹೇಳುವುದಿಲ್ಲ, ಕಲಾವಿದ ಹೇಳಬೇಕು.

ಬರಹಗಾರರ ವಿಷಯಕ್ಕೆ ಬಂದರೆ ನಮ್ಮ ಕೆ.ಆರ್. ಪೇಟೆ ತಾಲ್ಲೂಕನ್ನೇ ನೋಡಿ. ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಬಂತು. ಅಲ್ಲಿಯ ಒಲವು ಹೆಚ್ಚಾಗಿ ಮದುವೆಯಾದವರದು, ಮನೆಮಂದಿ ಒಪ್ಪಿದ್ದು. ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು ದೇವರನ್ನು ಪ್ರಶ್ನಿಸಿ ‘ದೇವರು’ ಪ್ರಕಟಿಸಿದಾಗ ಅವರಿಗೆ ತೊಂಬತ್ತರ ಆಸುಪಾಸು. ಎರಡೂ ನನ್ನನ್ನು ಬೆಳೆಸಿದ ಪುಸ್ತಕಗಳು. ಆದರೂ ಕೇಳುತ್ತೇನೆ: ಒಲವಿಗೆ ತಾಳಿ ಕಟ್ಟಿದ ಮೇಲೆ, ಸಂದೇಹಕ್ಕೆ ತೊಂಬತ್ತಾದ ಮೇಲೆ ಮಾತು ಸಿಗುವುದಾದರೆ, ಎರಡೂ ಒಟ್ಟಿಗೇ ಎದೆಗೆ ಬಂದ ಹದಿನೇಳರ ಹುಡುಗಿ ಎಲ್ಲಿಗೆ ಹೋಗಬೇಕು?

ಆ ವಯಸ್ಸಿನ ತಳಮಳಕ್ಕೆ ಚಿತ್ರ ಒದಗುತ್ತದೆ. ಮೇಲುಕೋಟೆಯ ವೈರಮುಡಿ ಉತ್ಸವದ ರಾತ್ರಿ ಜನವೆಲ್ಲ ದೇವರ ಕಿರೀಟದತ್ತ ಕೈಮುಗಿದಿರುವಾಗ, ಮುಗಿದ ಕೈ ಇಳಿಸದೆಯೇ ಒಬ್ಬ ಹುಡುಗ ಪಕ್ಕಕ್ಕೆ ತಿರುಗಿ ಯಾರನ್ನೋ ನೋಡುತ್ತಾನೆ. ಗದ್ಯದಲ್ಲಾದರೆ ಲೇಖಕ ಅವನ ಪರವೋ ವಿರುದ್ಧವೋ ಒಂದು ಮಾತು ಸೇರಿಸಿಬಿಡುತ್ತಾನೆ. ಚಿತ್ರದ ಒಂದೇ ಚೌಕಟ್ಟಿನಲ್ಲಿ ಭಕ್ತಿಯೂ ಬಯಕೆಯೂ ತೀರ್ಪಿಲ್ಲದೆ ಜೊತೆಗಿರಬಲ್ಲವು.

ಸಾಲುಚಿತ್ರದ ಕಥನವನ್ನು ನಾವು ಎರವಲು ತರಬೇಕಾಗಿಯೂ ಇಲ್ಲ. ಹೊಸಹೊಳಲಿನ ಹದಿಮೂರನೆಯ ಶತಮಾನದ ಲಕ್ಷ್ಮೀನಾರಾಯಣ ಗುಡಿಯ ಹೊರಗೋಡೆಯಲ್ಲಿ ಆನೆ, ಕುದುರೆ, ಬಳ್ಳಿಗಳ ಪಟ್ಟಿಕೆಗಳ ಮೇಲೆ ರಾಮಾಯಣ, ಮಹಾಭಾರತ ಸಾಗುತ್ತವೆ. ಪ್ರದಕ್ಷಿಣೆ ಬಂದಷ್ಟೂ ಕಥೆ ಬಿಚ್ಚಿಕೊಳ್ಳುತ್ತದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧ ಚಿತ್ರವಾಗಿದೆ.

ಅಧ್ಯಾಪಕರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ವಿದ್ಯಾರ್ಥಿ ತನ್ನ ಪ್ರೀತಿಯನ್ನೋ ದೇವರ ಮೇಲಿನ ಸಿಟ್ಟನ್ನೋ ನೋಟ್‌ಬುಕ್ಕಿನಲ್ಲಿ ಬಿಡಿಸಿ ತಂದರೆ ಮರ್ಯಾದೆಯ ಹೆಸರಿನಲ್ಲಾಗಲಿ ಧರ್ಮದ ಹೆಸರಿನಲ್ಲಾಗಲಿ ಆ ಹಾಳೆ ಹರಿಯಬೇಡಿ. ಪೂರ್ತಿ ಓದಿ, ಮುಂದಿನ ಪುಟ ಯಾವಾಗ ಎಂದು ಕೇಳಿ.