ತೆಂಗಿನ ಬುಡದ ಬಂಡೆ

ತಿಪಟೂರು ಎಂದೊಡನೆ ಎಲ್ಲರಿಗೂ ನೆನಪಾಗುವುದು ತೆಂಗು, ಕೊಬ್ಬರಿ. ಅದರ ಬಗ್ಗೆ ಹೇಳುವವರು ನಿಮ್ಮ ಮನೆಯಲ್ಲೇ ಇದ್ದಾರೆ. ನಾನು ಇಂದು ಹೇಳಹೊರಟಿರುವುದು ತೆಂಗಿನ ಬುಡಕ್ಕೂ ಕೆಳಗಿರುವ ಬಂಡೆಯ ವಿಚಾರ. ಮಾತು ಕೇಳದವನನ್ನು ನಾವು ‘ಕಲ್ಲು’ ಎಂದು ಬೈಯುತ್ತೇವೆ. ಕೇಳುವ ತಾಳ್ಮೆ ನಮಗಿದ್ದರೆ ಕಲ್ಲಿನಷ್ಟು ಮಾತನಾಡುವ ವಸ್ತು ಇನ್ನೊಂದಿಲ್ಲ.

ತೋಟದ ಬೇಲಿಗೆ ನೆಟ್ಟ ಕಲ್ಲುಕಂಬವನ್ನು ನೀವು ದಿನವೂ ನೋಡುತ್ತೀರಿ. ಒಮ್ಮೆ ಅದರ ಮೇಲೆ ಒಂದು ಚೊಂಬು ನೀರು ಸುರಿಯಿರಿ. ಧೂಳು ಹೋದ ಮೇಲೆ ಬಿಳಿ ಮತ್ತು ಕಪ್ಪು ಪಟ್ಟೆಗಳು ಎದ್ದು ಕಾಣುತ್ತವೆ. ಬಿಳಿಯ ಪಟ್ಟೆಯಲ್ಲಿ ಗಾಜಿನ ಚೂರಿನಂತಿರುವುದು ಬೆಣಚು. ಪಠ್ಯಪುಸ್ತಕದ ಭಾಷೆಯಲ್ಲಿ ಕ್ವಾರ್ಟ್ಸ್. ಹಾಲಿನ ಬಣ್ಣದ ಅಥವಾ ತಿಳಿಗೆಂಪಿನ, ಚಪ್ಪಟೆ ಮುಖದ ಕಣ ಫೆಲ್ಡ್‌ಸ್ಪಾರ್. ಕಪ್ಪು ಪಟ್ಟೆಯಲ್ಲಿ ಪದರ ಪದರವಾಗಿ ಮಿನುಗುವುದು ಅಭ್ರಕ, ಹಳ್ಳಿಯ ಮಕ್ಕಳು ಹೆಕ್ಕಿ ಜೇಬಿಗೆ ಹಾಕಿಕೊಳ್ಳುವ ಕಾಗೆಬಂಗಾರ. ಈ ಪಟ್ಟೆಗಲ್ಲಿನ ಹೆಸರು ನೈಸ್. ಎರಡು ಬಣ್ಣದ ಹಿಟ್ಟನ್ನು ಒಟ್ಟಿಗೆ ನಾದಿ ಲಟ್ಟಿಸಿದರೆ ಹೇಗೆ ಪಟ್ಟೆಗಳು ಎಳೆದುಕೊಳ್ಳುತ್ತವೆಯೋ ಹಾಗೆ, ನೆಲದಡಿ ಹಲವಾರು ಕಿಲೋಮೀಟರ್ ಆಳದಲ್ಲಿ, ಕಾವಿಗೂ ಒತ್ತಡಕ್ಕೂ ಮೆತ್ತಗಾಗಿ ಹಿಗ್ಗಿ ಮಡಿಸಿಕೊಂಡ ಕಲ್ಲು ಇದು. ಮೇಲಿದ್ದ ಅಷ್ಟೂ ದಪ್ಪದ ಹೊದಿಕೆ ಮಳೆ ಗಾಳಿಗೆ ಸವೆದು ಹೋದದ್ದರಿಂದ ಇಂದು ನಿಮ್ಮ ಬೇಲಿಗೆ ಬಂದು ನಿಂತಿದೆ.

ಮೈಸೂರು ಸಂಸ್ಥಾನದಲ್ಲಿ ಭೂವಿಜ್ಞಾನ ಇಲಾಖೆ ಆರಂಭವಾದದ್ದು 1894ರಲ್ಲಿ. ಅದರ ನಿರ್ದೇಶಕರಾಗಿದ್ದ ಸ್ಮೀತ್ ಎಂಬುವರು ದಕ್ಷಿಣ ಭಾರತದ ತಳಹದಿಯಂತಿರುವ ಈ ಕಲ್ಲಿಗೆ ‘ಪೆನಿನ್ಸುಲರ್ ನೈಸ್’ ಎಂದು ಹೆಸರಿಟ್ಟರು. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ ಇದೇ ಜಾತಿಯದು. ವಯಸ್ಸು ಸುಮಾರು 300 ಕೋಟಿ ವರ್ಷ. ಹೇಮಾವತಿಯ ನೀರು ನಮ್ಮ ಕಡೆಗೆ ಹೊರಡುವ ಗೊರೂರಿನ ಸುತ್ತಣ ನೈಸ್ ಇನ್ನೂ ಹಿರಿಯದು, ಸುಮಾರು 330 ಕೋಟಿ ವರ್ಷ. ಭೂಮಿಯ ವಯಸ್ಸೇ 454 ಕೋಟಿ ವರ್ಷ ಎಂಬುದನ್ನು ನೆನೆದರೆ ಈ ಹಿರಿತನ ಎಷ್ಟೆಂದು ತಿಳಿಯುತ್ತದೆ. ಇದನ್ನು ಲೆಕ್ಕ ಹಾಕಿದ್ದು ಹೇಗೆ? ಕಲ್ಲಿನೊಳಗೆ ಜಿರ್ಕಾನ್ ಎಂಬ ಖನಿಜದ ಸಣ್ಣ ಹರಳುಗಳಿರುತ್ತವೆ. ಅವುಗಳಲ್ಲಿ ಸೇರಿಕೊಂಡ ಯುರೇನಿಯಂ ತನ್ನದೇ ವೇಗದಲ್ಲಿ ಸೀಸವಾಗುತ್ತಾ ಹೋಗುತ್ತದೆ. ಎಷ್ಟು ಉಳಿದಿದೆ, ಎಷ್ಟು ಸೀಸವಾಗಿದೆ ಎಂದು ಅಳೆದರೆ ಹರಳು ಹುಟ್ಟಿದ ಕಾಲ ಸಿಗುತ್ತದೆ. ಹೀಗೆ ವಯಸ್ಸು ಕಂಡುಹಿಡಿಯುವ ಬೇರೆ ಧಾತುಜೋಡಿಗಳೂ ಇವೆ.

ಈಗ ತಿಪಟೂರಿನಿಂದ ಈಶಾನ್ಯಕ್ಕೆ ಹೊರಡೋಣ. ಸುಮಾರು 30 ಕಿಲೋಮೀಟರ್ ದಾಟುವುದರೊಳಗೆ ಚಿಕ್ಕನಾಯಕನಹಳ್ಳಿಯ ಗುಡ್ಡಸಾಲು ಎದುರಾಗುತ್ತದೆ. ಮಣ್ಣಿನ ಬಣ್ಣ ಬದಲಾಗುತ್ತದೆ, ಕಲ್ಲೂ ಬದಲಾಗುತ್ತದೆ. ಶ್ರೀರಂಗಪಟ್ಟಣದ ಆಸುಪಾಸಿನಿಂದ ಗದಗದವರೆಗೆ 400 ಕಿಲೋಮೀಟರಿಗೂ ಉದ್ದಕ್ಕೆ ಹಾದುಹೋಗಿರುವ ಚಿತ್ರದುರ್ಗದ ಶಿಲಾಪಟ್ಟಿಯ ಭಾಗ ಇದು. ಇಂಥ ಶಿಲೆಗಳಿಗೆ ನಮ್ಮ ಧಾರವಾಡದ ಹೆಸರನ್ನು ಕೊಟ್ಟವರು ರಾಬರ್ಟ್ ಬ್ರೂಸ್ ಫೂಟ್. ಇಂದು ಜಗತ್ತಿನ ಭೂವಿಜ್ಞಾನಿಗಳೆಲ್ಲ ‘ಧಾರವಾಡ’ ಎಂಬ ಪದವನ್ನು ಬಲ್ಲರು.

ನಿಮಗೆ ಆಶ್ಚರ್ಯವಾಗಬಹುದು, ಈ ಗುಡ್ಡಗಳು ಒಂದು ಕಾಲಕ್ಕೆ ಕಡಲಿನ ತಳ. ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಲಾವಾ ಶಿಲೆಗಳಿವೆ. ಕುದಿಯುವ ಲಾವಾ ನೀರಿನೊಳಗೆ ಹರಿದು ತಟ್ಟನೆ ತಣಿದರೆ ಮಾತ್ರ ಆ ಆಕಾರ ಬರುತ್ತದೆ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಲಾಗಿದೆ. ನಮಗೆ ಇನ್ನೂ ಹತ್ತಿರದ ಸಾಕ್ಷಿ ಬೇಕೆಂದರೆ ಗುಬ್ಬಿ ತಾಲ್ಲೂಕಿನ ದೊಡ್ಡಗುಣಿಯ ಕಡೆ ನೋಡಬೇಕು. ಅಲ್ಲಿನ ಸುಣ್ಣಶಿಲೆಗಳಲ್ಲಿ ಅಲೆಅಲೆಯಾದ, ಗುಮ್ಮಟದಂಥ ಪದರಗಳಿವೆ. ಇವು ಸ್ಟ್ರೊಮಟೊಲೈಟುಗಳು. 250 ಕೋಟಿ ವರ್ಷಗಳಿಗೂ ಹಿಂದೆ, ಬಿಸಿಲು ತಾಗುವ ತೆಳು ನೀರಿನಲ್ಲಿ ಬದುಕಿದ್ದ ಸೂಕ್ಷ್ಮಜೀವಿಗಳು ಪಾಚಿಯ ಚಾಪೆಯಂತೆ ಹರಡಿ, ಸುಣ್ಣದ ಕೆಸರನ್ನು ಹಿಡಿದಿಟ್ಟು ಕಟ್ಟಿದ ಮನೆಗಳು. ಆಗ ಭೂಮಿಯ ಮೇಲೆ ಮರವಿಲ್ಲ, ಹುಲ್ಲಿಲ್ಲ, ಮೀನೂ ಇಲ್ಲ. ತುಮಕೂರು ಜಿಲ್ಲೆಯ ಅತಿ ಹಳೆಯ ನಿವಾಸಿಗಳು ಯಾರೆಂದು ರಸಪ್ರಶ್ನೆಯಲ್ಲಿ ಯಾರಾದರೂ ಕೇಳಿದರೆ ನಾನಂತೂ ಇವರ ಹೆಸರನ್ನೇ ಹೇಳುತ್ತೇನೆ.

ಇಂಥ ಜೀವಿಗಳಲ್ಲಿ ಕೆಲವು ಬಿಸಿಲಿನ ಸಹಾಯದಿಂದ ಆಮ್ಲಜನಕವನ್ನು ಬಿಡತೊಡಗಿದವು. ಆ ಕಾಲದ ಕಡಲಿನಲ್ಲಿ ಕಬ್ಬಿಣ ಕರಗಿತ್ತು. ಆಮ್ಲಜನಕ ಸೋಕಿದ ಕಬ್ಬಿಣ ತುಕ್ಕಾಗಿ ತಳಕ್ಕಿಳಿಯಿತು. ಅದು ಒಂದು ಪದರ, ಮೇಲೆ ಬೆಣಚಿನ ಜಾತಿಯದೊಂದು ಪದರ, ಮತ್ತೆ ಕಬ್ಬಿಣ. ಚಿಕ್ಕನಾಯಕನಹಳ್ಳಿಯ ಪಟ್ಟೆಪಟ್ಟೆಯ ಕಬ್ಬಿಣದ ಅದಿರು ಮೂಲದಲ್ಲಿ ಹೀಗೆ ಕಡಲ ತಳದಲ್ಲಿ ಕೂತದ್ದು. ಜೊತೆಗೆ ಮ್ಯಾಂಗನೀಸ್ ಇದೆ. ಸುಣ್ಣಶಿಲೆ ಹತ್ತಿರದಲ್ಲಿ ಇದ್ದುದರಿಂದಲೇ ಅಮ್ಮಸಂದ್ರದಲ್ಲಿ ಸಿಮೆಂಟ್ ಕಾರ್ಖಾನೆ ಎದ್ದಿತು. ಅದಿರನ್ನು ಅಗೆಯುವ ಭರಾಟೆ ಎಷ್ಟಾಯಿತೆಂದರೆ 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲಿ ಕಬ್ಬಿಣದ ಅದಿರಿನ ಗಣಿಗಳನ್ನು ನಿಲ್ಲಿಸಬೇಕಾಯಿತು. 2013ರಲ್ಲಿ ಷರತ್ತುಗಳೊಂದಿಗೆ ಕೆಲವಕ್ಕೆ ಮತ್ತೆ ಅವಕಾಶ ಸಿಕ್ಕಿತು. ಕೋಟಿಗಟ್ಟಲೆ ವರ್ಷಗಳಲ್ಲಿ ಕೂಡಿದ್ದನ್ನು ಕೆಲವೇ ವರ್ಷಗಳಲ್ಲಿ ಲಾರಿಗೆ ತುಂಬಿದ್ದನ್ನು ನಾನು ಅಭಿವೃದ್ಧಿ ಎಂದು ಕರೆಯಲಾರೆ.

ಬಳಪದ ಕಲ್ಲಿನ ಬಗ್ಗೆ ಒಂದು ಮಾತು. ಕಲ್ಲಿನ ಗುಣ ಬಲ್ಲವರು ಹೊಯ್ಸಳರ ಕಾಲದ ಶಿಲ್ಪಿಗಳು. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಚೆನ್ನಕೇಶವ ದೇವಾಲಯವನ್ನು ನೋಡಿ. ನೈಸ್ ಕಲ್ಲಿನಲ್ಲಿ ಅಂಥ ಸೂಕ್ಷ್ಮ ಕೆತ್ತನೆ ಮಾಡಹೊರಟರೆ ಉಳಿ ಮೊಂಡಾಗುತ್ತಿತ್ತು. ಅದಕ್ಕೇ ಅವರು ಮೆದುವಾದ ಬಳಪದ ಕಲ್ಲನ್ನು ಆರಿಸಿದರು. ತುರುವೇಕೆರೆಯ ಗಂಗಾಧರೇಶ್ವರನ ಮುಂದಿನ ನಂದಿಯದು ಬೇರೆ ಕಥೆ: ಗಟ್ಟಿಯಾದ ಕಪ್ಪು ಕಲ್ಲು, ಅದರ ಮೇಲೆ ಕನ್ನಡಿಯ ಹೊಳಪು. ಮೆದು ಕಲ್ಲು ಕುಸುರಿಗೆ, ಗಟ್ಟಿ ಕಲ್ಲು ನುಣುಪಿಗೆ.

ಇಷ್ಟು ಹಳೆಯ, ಗಟ್ಟಿಯಾದ ನೆಲ ಅಲುಗುವುದಿಲ್ಲ ಎಂದು ಬಹುಕಾಲ ನಂಬಲಾಗಿತ್ತು. ಆ ನಂಬಿಕೆಯನ್ನು ಮೊದಲು ಅಲ್ಲಾಡಿಸಿದ್ದು 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪ. ಆಮೇಲೆ 1993ರ ಸೆಪ್ಟೆಂಬರ್ 30. ತಿಪಟೂರಿನಿಂದ ಹೆಚ್ಚುಕಡಿಮೆ ನೇರ ಉತ್ತರಕ್ಕೆ, ಸುಮಾರು 530 ಕಿಲೋಮೀಟರ್ ದೂರದಲ್ಲಿ, ಲಾತೂರು ಜಿಲ್ಲೆಯ ಕಿಲ್ಲಾರಿ. ಬೆಳಗಿನ ಜಾವ ನಾಲ್ಕಕ್ಕೆ ಇನ್ನೇನು ನಾಲ್ಕೈದು ನಿಮಿಷ ಇರುವಾಗ ನೆಲ ನಡುಗಿತು. ಪ್ರಮಾಣ 6.2ರ ಆಸುಪಾಸು. ಸತ್ತವರು ಹತ್ತಿರಹತ್ತಿರ ಹತ್ತು ಸಾವಿರ. ಆಮೇಲೆ ವಿಜ್ಞಾನಿಗಳು ಅಲ್ಲಿ ಆಳವಾಗಿ ಕೊರೆದು ನೋಡಿದರು. ಮೇಲಿನ ಕರಿಕಲ್ಲಿನ ಹೊದಿಕೆ ಸುಮಾರು 340 ಮೀಟರಿಗೆ ಮುಗಿದು, ಕೆಳಗೆ ಸಿಕ್ಕಿದ್ದು ನೈಸ್. ನಿಮ್ಮ ಬೇಲಿಯ ಕಂಬದ ಬಳಗವೇ!

ಭಾರತದ ನೆಲ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿದು ಏಷ್ಯಾ ಖಂಡವನ್ನು ತಳ್ಳುತ್ತಿದೆ. ಹಿಮಾಲಯದಲ್ಲಿ ಎದುರಾಗುವ ಆ ಒತ್ತಡ ಹಿಂದಿನ ನೆಲಕ್ಕೂ ತಟ್ಟುತ್ತದೆ. ಎಲ್ಲಿ ಹಳೆಯ ಬಿರುಕಿದೆಯೋ ಅಲ್ಲಿ, ಸಾವಿರಾರು ವರ್ಷಕ್ಕೊಮ್ಮೆಯಾದರೂ, ಬಂಡೆ ಜಾರಬಹುದು. ಭೂಕಂಪದ ಪ್ರಮಾಣ ಒಂದು ಅಂಕಿ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಹಾಗಾಗಿ 2021ರ ಡಿಸೆಂಬರಿನಲ್ಲಿ ಚಿಕ್ಕಬಳ್ಳಾಪುರದ ಕಡೆ ಜನರನ್ನು ಬೀದಿಗೆ ಓಡಿಸಿದ, 3ರ ಆಸುಪಾಸಿನ ಕಂಪನ ಕಿಲ್ಲಾರಿಯ ಮುಂದೆ ತೀರಾ ಚಿಕ್ಕದು. ಆ ಜಿಲ್ಲೆಯ ಗೌರಿಬಿದನೂರಿನಲ್ಲಿ 1965ರಿಂದಲೂ ಭೂಕಂಪನ ಮಾಪಕಗಳ ಸಾಲೊಂದಿದೆ. ದೂರದೇಶಗಳ ಅಣುಸ್ಫೋಟಗಳನ್ನು ಪತ್ತೆಹಚ್ಚಲು ಅದನ್ನು ಹೂಡಿದ್ದು. ಅಂಥ ಸೂಕ್ಷ್ಮ ಕೆಲಸಕ್ಕೆ ಗದ್ದಲವಿಲ್ಲದ, ಗಟ್ಟಿಯಾದ ಹಳೆಯ ಬಂಡೆ ಬೇಕು.

ತುಮಕೂರು ಜಿಲ್ಲೆಯನ್ನು 2002ರ ನಕ್ಷೆಯಲ್ಲಿ ಎರಡನೇ ವಲಯದಲ್ಲಿ, ಅಂದರೆ ಅತಿ ಕಡಿಮೆ ಅಪಾಯದ ವಲಯದಲ್ಲಿ ಇರಿಸಲಾಗಿತ್ತು. ಅದಕ್ಕೂ ಕೆಳಗೆ ಮೊದಲನೇ ವಲಯ ಎಂಬುದೊಂದಿತ್ತು. ಕಿಲ್ಲಾರಿ ಇದ್ದದ್ದು ಅದರಲ್ಲೇ. ಆ ವಲಯವನ್ನೇ ನಕ್ಷೆಯಿಂದ ತೆಗೆದುಹಾಕಿದರು. ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಬಹುಮಟ್ಟಿಗೆ ಅವರ ಮನೆಗಳು: ಮಣ್ಣಿನಲ್ಲಿ ಕೂರಿಸಿದ ಗುಂಡುಕಲ್ಲಿನ ದಪ್ಪ ಗೋಡೆ, ಮೇಲೆ ಭಾರವಾದ ಮಣ್ಣಿನ ಮಾಳಿಗೆ. ಗೋಡೆಯ ಎರಡೂ ಮೈಯನ್ನು ಹಿಡಿದಿಡುವ ಉದ್ದಗಲ್ಲುಗಳು, ಬಾಗಿಲ ಮೇಲ್ಮಟ್ಟದಲ್ಲಿ ಮನೆಯ ಸುತ್ತಲೂ ಒಂದು ಕಾಂಕ್ರೀಟ್ ಪಟ್ಟಿ, ಇಷ್ಟಿದ್ದಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು.

ಬಿರುಕು ಎಂದರೆ ಕೇಡು ಎಂದೇನೂ ತಿಳಿಯಬೇಡಿ. ನಮ್ಮ ತೋಟಗಳು ಬದುಕಿರುವುದೇ ಬಿರುಕುಗಳಿಂದ. ಬಿರುಕಿಲ್ಲದ ನೈಸ್‌ನಲ್ಲಿ ನೀರಿಗೆ ಸಿಗುವ ಜಾಗ ನೂರರಲ್ಲಿ ಒಂದು ಪಾಲೂ ಇಲ್ಲ. ನೀರು ನಿಲ್ಲುವುದು ಎರಡು ಕಡೆ. ಒಂದು, ಮೇಲ್ಭಾಗದಲ್ಲಿ ಕಲ್ಲು ಕೊಳೆತು ಗರಸಾಗಿರುವ ಪದರ. ತೆರೆದ ಬಾವಿಗಳು ಕುಡಿಯುತ್ತಿದ್ದುದು ಇದರಿಂದ. ಕೆರೆ ತುಂಬಿದರೆ ಬಾವಿ ತುಂಬುತ್ತಿತ್ತು. ಇನ್ನೊಂದು, ಅದರ ಕೆಳಗಿನ ಬಂಡೆಯ ಬಿರುಕುಗಳು. ಆಳಕ್ಕಿಳಿದಂತೆ ಮೇಲಿನ ಭಾರಕ್ಕೆ ಈ ಬಿರುಕುಗಳು ಬಿಗಿದುಕೊಳ್ಳುತ್ತವೆ, ಕಡಿಮೆಯಾಗುತ್ತವೆ. ನೂರಿನ್ನೂರು ಅಡಿಯ ಬಾವಿ ಬತ್ತಿತೆಂದು ಸಾವಿರ ಅಡಿ ಕೊರೆಸಿದರೆ ಐದು ಪಟ್ಟು ನೀರು ಸಿಗುವುದಿಲ್ಲ. ಸಿಕ್ಕರೂ ಅದು ಮತ್ತೆ ತುಂಬಿಕೊಳ್ಳಲು ಎಷ್ಟೋ ಕಾಲ ಬೇಕು. 2016–17ರ ಬರದಲ್ಲಿ ಸಾಲಸೋಲ ಮಾಡಿ ಕೊರೆಸಿದ ಬಾವಿಗಳ ಪಕ್ಕದಲ್ಲೇ ತೆಂಗು ಸುಳಿ ಒಣಗಿ ನಿಂತದ್ದನ್ನು ನೀವೂ ಕಂಡಿರಬಹುದು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ‘ಪಾಯಿಂಟ್’ ತೋರಿಸುವವರು ನಮ್ಮಲ್ಲಿ ಬಹಳ. ತೆಂಗಿನಕಾಯಿಯ ಮೇಲೆ ನನಗೂ ಗೌರವವಿದೆ, ಆದರೆ ಬಂಡೆಯ ಬಿರುಕಿನ ವಿಷಯ ಅದಕ್ಕೆ ತಿಳಿದಿರುವಂತೆ ಕಾಣುವುದಿಲ್ಲ. ನೆಲದೊಳಕ್ಕೆ ವಿದ್ಯುತ್ ಹರಿಸಿ, ಎಲ್ಲಿ ಸುಲಭವಾಗಿ ಹರಿಯುತ್ತದೆ, ಎಲ್ಲಿ ತಡೆಯಾಗುತ್ತದೆ ಎಂದು ಅಳೆಯುವ ಪರೀಕ್ಷೆಯೇ ವಾಸಿ.

ನಿಮ್ಮ ಊರಿಗೆ ಬೋರ್‌ವೆಲ್ ಲಾರಿ ಬಂದಾಗ ಹತ್ತಿರದವರ ಅನುಮತಿ ಪಡೆದು, ಸುರಕ್ಷಿತ ದೂರದಲ್ಲಿ ನಿಂತು ನೋಡಿ. ಮೊದಲು ಕೆಂಪು ಮಣ್ಣು ಬರುತ್ತದೆ, ಆಮೇಲೆ ಹಳದಿ ಗರಸು, ಕೊನೆಗೆ ಬೂದಿ ಬಣ್ಣದ ಹಿಟ್ಟು. ಎಷ್ಟು ಅಡಿಗೆ ಕೇಸಿಂಗ್ ಪೈಪ್ ನಿಂತಿತು ಎಂದು ಕೇಳಿ ಬರೆದುಕೊಳ್ಳಿ. ಗಟ್ಟಿ ಬಂಡೆ ಶುರುವಾದದ್ದು ಅಲ್ಲಿ. ಯಾವ ಆಳದಲ್ಲಿ ಹಿಟ್ಟು ಒದ್ದೆಯಾಯಿತು ಎಂಬುದನ್ನೂ ಗುರುತಿಸಿ. ಪ್ರತಿ ಇಪ್ಪತ್ತು ಅಡಿಗೆ ಒಂದು ಹಿಡಿ ಹಿಟ್ಟನ್ನು ಪೊಟ್ಟಣ ಕಟ್ಟಿ, ಮೇಲೆ ಊರು, ಸರ್ವೆ ನಂಬರು, ಅಡಿ, ತಾರೀಖು ಬರೆದಿಡಿ. ಹತ್ತು ಬಾವಿಗಳ ಪೊಟ್ಟಣಗಳು ಸೇರಿದ ಮೇಲೆ ಅವನ್ನು ಶಾಲೆಯ ಮೇಜಿನ ಮೇಲೆ ಸಾಲಾಗಿ ಜೋಡಿಸಿ ನೋಡಬಹುದು.